ತೋಡಿಗೆ ಕಟ್ಟ ಹಾಕೋಣ: ಕಾಸರಗೋಡಿನ ಬೈಲಿನವರಿಗೊಂದು ಕೈಪಿಡಿ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬರುತ್ತದೆ. ಕೇರಳದ 44 ಹೊಳೆಗಳಲ್ಲಿ 12 ಈ ಜಿಲ್ಲೆಯಲ್ಲೇ ಹರಿಯುತ್ತವೆ. ಹಾಗಿದ್ದರೂ ಶಿವರಾತ್ರಿ ಕಳೆಯುವಾಗ ತೋಟಕ್ಕೆ ನೀರು ಸಾಲುವುದಿಲ್ಲ. ಏಪ್ರಿಲಿಗೆ ಎಷ್ಟೋ ಮನೆಗಳ ಬಾವಿಯ ತಳ ಕಾಣುತ್ತದೆ. ನಮ್ಮ ನೆಲವೇ ಇಳಿಜಾರು, ಮುರಕಲ್ಲಿನ ಒಳಗೆಲ್ಲ ತೂತು. ಗುಡ್ಡೆಗೆ ಬಿದ್ದ ನೀರು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಇಳಿದು ಹೋಗಲು ಹೆಚ್ಚು ಹೊತ್ತು ಬೇಡ.

ಹಿಂದಿನವರು ಇದಕ್ಕೆ ಕಂಡುಕೊಂಡ ದಾರಿ ಕಟ್ಟ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ತೆಂಗಿನ ಮಡಲು ಹಾಕಿ ನೀರು ನಿಲ್ಲಿಸುವುದು, ಮುಂದಿನ ಮಳೆಗಾಲಕ್ಕೆ ಮೊದಲು ಬಿಚ್ಚುವುದು. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಈ ಕೆಲಸ ತಲೆಮಾರುಗಳಿಂದ ನಡೆದು ಬಂದಿದೆ. ಎಣ್ಮಕಜೆಯ ಪಡ್ರೆಯಲ್ಲಿ ನಿಂತು ಹೋಗಿದ್ದ ಕಟ್ಟಗಳನ್ನು ಊರವರು ಸೇರಿ ಮತ್ತೆ ಕಟ್ಟಿದರು. ನೀರಿನ ಬಗ್ಗೆ ದಶಕಗಳಿಂದ ಬರೆಯುತ್ತಿರುವ ಪತ್ರಕರ್ತ ಶ್ರೀ ಪಡ್ರೆಯವರ ಊರೂ ಅದೇ.

ರಜೆ ದಿನ ಮೈಗೆ ಕೆಲಸ ಬೇಕು, ಊರಿಗೂ ಏನಾದರೂ ಆಗಬೇಕು ಅಂತ ಅನ್ನಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮದು ತೋಟದ ಮನೆಯೇ ಆಗಬೇಕೆಂದಿಲ್ಲ. ಮಂಗಳೂರಿನಲ್ಲಿ ಕೆಲಸ ಮಾಡಿ ಶನಿವಾರ ರಾತ್ರಿ ಮನೆಗೆ ಬರುವವರು, ನಿವೃತ್ತರು, ಕಾಲೇಜಿನ ಮಕ್ಕಳು, ಎಲ್ಲರಿಗೂ ಇದರಲ್ಲಿ ಕೆಲಸ ಉಂಟು. ಒಂದೇ ಒಂದು ಮಾತು ಮೊದಲೇ ಹೇಳುತ್ತೇನೆ. ದೊಡ್ಡ ಕಟ್ಟದ ಆಸೆ ಬೇಡ. ಪ್ರತಿ ವರ್ಷ ಅದೇ ಜನ ಅದೇ ಜಾಗದಲ್ಲಿ ತಪ್ಪದೆ ಕಟ್ಟಲು ಆಗುವಂಥ ಸಣ್ಣ ಕಟ್ಟವನ್ನೇ ಆರಿಸಿಕೊಳ್ಳಿ.

ಮೊದಲು ತೋಡಿನ ಉದ್ದಕ್ಕೂ ನಡೆಯಿರಿ

ಅಕ್ಟೋಬರಿನಲ್ಲಿ, ತುಲಾ ಮಳೆ ಇನ್ನೂ ಸಂಜೆ ಸಂಜೆ ಬರುತ್ತಿರುವಾಗಲೇ, ಒಂದು ಬೆಳಗ್ಗೆ ತೋಡಿನ ಬದಿಯಲ್ಲಿ ನಡೆದು ಬನ್ನಿ. ಒಬ್ಬರೇ ಹೋಗಬೇಡಿ. ಬೈಲಿನ ಹಿರಿಯರೊಬ್ಬರನ್ನು ಕರೆದುಕೊಳ್ಳಿ. ಹಳೆಯ ಕಟ್ಟ ಎಲ್ಲಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಬದಿಯ ಮಣ್ಣು ಕೆದಕಿದರೆ ಹಳೆಯ ಕಲ್ಲಿನ ಸಾಲು ಈಗಲೂ ಸಿಗುವುದುಂಟು. ಹಿಂದಿನವರು ಸುಮ್ನೆ ಆ ಜಾಗ ಆರಿಸಿರುವುದಿಲ್ಲ.

ನೋಡಬೇಕಾದ್ದು ಇಷ್ಟು. ತೋಡು ಅಲ್ಲಿ ಸಪುರ ಇರಬೇಕು, ಎರಡೂ ಬದಿ ಎತ್ತರ ಇರಬೇಕು. ತಳದಲ್ಲಿ ಪಾದೆ ಅಥವಾ ಗಟ್ಟಿ ಮಣ್ಣು ಇದ್ದರೆ ಒಳ್ಳೆಯದು. ಬರೀ ಮರಳಿದ್ದರೆ ನೀರು ಅಡಿಯಿಂದಲೇ ಹೋಗುತ್ತದೆ. ತೋಡು ತಿರುಗುವಲ್ಲಿ ಬೇಡ, ಅಲ್ಲಿ ನೀರಿನ ಹೊಡೆತ ಒಂದೇ ಬದಿಗೆ ಬೀಳುತ್ತದೆ. ಬದಿಯಲ್ಲಿ ಏಡಿಯ ಮಾಟೆಗಳು, ಅಂದರೆ ಬಿಲಗಳು, ಜಾಸ್ತಿ ಇದ್ದರೂ ಬೇಡ.

"ಇಲ್ಲಿ ಬೇಡ ಮಗಾ, ಆಚೆ ಬದಿ ಪೂರಾ ಏಡಿ ಮಾಟೆ ಉಂಟು. ನಾಲ್ಕು ಮಾರು ಮೇಲೆ ಹೋಗು" ಅಂತ ಆ ಹಿರಿಯರು ಹೇಳಿದರೆ ಕೇಳಿ. ವಾದ ಮಾಡಬೇಡಿ.

ಆಮೇಲೆ ಎತ್ತರ. ಮೊದಲ ವರ್ಷ ಮೂರಡಿ ಸಾಕು. ತೋಡಿನ ಬದಿ ಎಷ್ಟು ಎತ್ತರ ಇದೆಯೋ ಅದರ ಅರ್ಧಕ್ಕಿಂತ ಮೇಲೆ ಹೋಗಬೇಡಿ. ಮೇಲಿನ ತೋಟಕ್ಕೆ ನೀರು ನುಗ್ಗಿದರೆ ಅಡಿಕೆ ಬುಡದಲ್ಲಿ ನೀರು ನಿಂತು ಮರ ಹಾಳಾಗುತ್ತದೆ, ನೆರೆಮನೆಯ ಸಂಬಂಧವೂ ಹಾಳಾಗುತ್ತದೆ.

ಮೂರಡಿಯಿಂದ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕ. ತೋಡಿನ ಅಗಲ 5 ಮೀಟರ್, ಕಟ್ಟದ ಎತ್ತರ 1 ಮೀಟರ್, ತೋಡು 100 ಮೀಟರಿಗೆ 1 ಮೀಟರ್ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ನೀರು 100 ಮೀಟರ್ ಹಿಂದಕ್ಕೆ ನಿಲ್ಲುತ್ತದೆ. ಸರಾಸರಿ ಆಳ ಅರ್ಧ ಮೀಟರ್. ಅಂದರೆ 250 ಘನ ಮೀಟರ್, ಎರಡೂವರೆ ಲಕ್ಷ ಲೀಟರ್. ಇದು ಕಣ್ಣಿಗೆ ಕಾಣುವ ನೀರು ಮಾತ್ರ. ಬದಿಗೆ, ಅಡಿಗೆ ಇಂಗುತ್ತಾ ಹೋದಷ್ಟೂ ಮೇಲಿನಿಂದ ಹರಿದು ಬಂದು ತುಂಬುತ್ತಾ ಇರುತ್ತದೆ. ಹಾಗಾಗಿ ತೋಡು ಹರಿಯುವಷ್ಟು ದಿನವೂ ಬಾವಿಗಳ ಕಡೆಗೆ ನೀರು ಹೋಗುತ್ತಲೇ ಇರುತ್ತದೆ. ಕಟ್ಟದ ನಿಜವಾದ ಉಪಕಾರ ಅದು.

ಕೇಳಬೇಕಾದವರನ್ನು ಕೇಳಿ

ತೋಡು ಯಾರೊಬ್ಬರ ಸ್ವಂತದ್ದಲ್ಲ, ಪಂಚಾಯತಿನ ಅಧೀನದಲ್ಲಿದೆ. ವಾರ್ಡ್ ಸದಸ್ಯರಿಗೆ ಹೇಳಿ, ಪಂಚಾಯತಿಗೆ ಒಂದು ಕಾಗದ ಕೊಡಿ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ನಮ್ಮಂಥ ಕನ್ನಡ ಭಾಗದವರಿಗೆ ಆ ಹಕ್ಕು ಕೊಟ್ಟಿದೆ, ಬಳಸದೆ ಬಿಟ್ಟರೆ ನಷ್ಟ ನಮಗೇ. ಗ್ರಾಮಸಭೆಯಲ್ಲಿ ವಿಷಯ ಎತ್ತಿದರೆ ಇನ್ನೂ ಒಳ್ಳೆಯದು. ತೊಳಿಲುರಪ್ಪು (ಉದ್ಯೋಗ ಖಾತರಿ) ಯೋಜನೆಯಲ್ಲಿ ತೋಡಿನ ಹೂಳು ತೆಗೆಯುವ ಕೆಲಸ ಹೇಗೂ ನಡೆಯುತ್ತದೆ, ಅದು ನಿಮ್ಮ ಕಟ್ಟಕ್ಕೆ ಮೊದಲು ಆಗುವ ಹಾಗೆ ದಿನ ಹೊಂದಿಸಬಹುದು.

ಎರಡು ಬದಿಯ ತೋಟದವರ ಒಪ್ಪಿಗೆ ಬೇಕೇ ಬೇಕು. ಅದಕ್ಕಿಂತ ಮುಖ್ಯ ಕೆಳಗಿನವರು. ಮೇಲೆ ಕಟ್ಟ ಹಾಕಿದರೆ ನಮಗೆ ನೀರು ಬರುವುದಿಲ್ಲ ಅನ್ನುವ ಹೆದರಿಕೆ ಅವರಿಗೆ ಇರುತ್ತದೆ. ಅದು ತಪ್ಪಲ್ಲ. ಕಟ್ಟ ತುಂಬುವವರೆಗೆ ಕೆಳಗೆ ಹರಿವು ಕಡಿಮೆ ಆಗುವುದು ನಿಜ. ಹಾಗಾಗಿ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಯಾವ ದಿನ ಮುಚ್ಚುತ್ತೇವೆ, ಯಾವಾಗ ತುಂಬಿ ಹರಿಯುತ್ತದೆ ಅಂತ ಹೇಳಿ. ಸಾಧ್ಯ ಆದರೆ ಅವರ ಜಾಗದಲ್ಲೇ ಮೊದಲ ಕಟ್ಟ ಕಟ್ಟಿ. ಕೆಳಗಿನದ್ದು ತುಂಬಿದ ಮೇಲೆ ಮೇಲಿನದ್ದು. ಒಂದು ಕಟ್ಟದ ನೀರು ಮೇಲಿನ ಕಟ್ಟದ ಬುಡ ಮುಟ್ಟುವ ಹಾಗೆ ಸಾಲಾಗಿ ಕಟ್ಟಿದರೆ ಇಡೀ ಬೈಲಿನ ಬಾವಿಗಳಿಗೆ ಉಪಕಾರ ಆಗುತ್ತದೆ, ಒಂದೇ ಕಟ್ಟ ಒಂದೆರಡು ಮನೆಗೆ ಮಾತ್ರ ಸಾಲುತ್ತದೆ.

ಜನ ಸೇರಿಸುವುದು

ಮೂರಡಿ ಕಟ್ಟಕ್ಕೆ ಹತ್ತು ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಅರ್ಧ ಜನ ಬದಿಯಲ್ಲಿ ನಿಂತು ಮಾತಾಡುತ್ತಾರೆ.

ನಮ್ಮ ಬೈಲುಗಳಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಟ್ಟಿಗೆ ಇರುತ್ತವೆ. ವಾಟ್ಸಾಪಿನಲ್ಲಿ ಹಾಕುವ ಒಕ್ಕಣೆಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಬರೆಯುವುದಕ್ಕಿಂತ ಮನೆಗೆ ಹೋಗಿ ಕರೆಯುವುದು ಮೇಲು. ಅಣ್ಣ, ಮಾವ, ಅಕ್ಕ, ಇಚ್ಚ ಅಂತ ಬಾಯಿ ತುಂಬ ಕರೆದು "ಭಾನುವಾರ ಬೆಳಗ್ಗೆ ಒಂದು ಎರಡು ಗಂಟೆ ಬನ್ನಿ" ಅಂದರೆ ಬಾರದವರು ಕಡಿಮೆ.

ಒಂದು ವಿಷಯ ಮನಸ್ಸಿನಲ್ಲಿರಲಿ. ವಾರವಿಡೀ ಕೂಲಿ ಮಾಡುವವರಿಗೆ ಭಾನುವಾರ ಒಂದೇ ವಿಶ್ರಾಂತಿಯ ದಿನ. ಅವರು ಬಾರದಿದ್ದರೆ ಬೇಸರ ಮಾಡಬಾರದು. ಕಟ್ಟ ಕಟ್ಟಿ ಗೊತ್ತಿರುವ ಹಿರಿಯ ಕೆಲಸದವರನ್ನು ಕರೆದರೆ ಅವರಿಗೆ ಸಂಬಳ ಕೊಡಿ. ಅವರ ಕೈಯಲ್ಲಿರುವುದು ವಿದ್ಯೆ. ಉಳಿದವರು ಅವರ ಹತ್ತಿರ ಕಲಿಯಲು ಬಂದವರು.

ದಿನ ಇಡುವಾಗ ಹಿಂದಿನ ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಆಟ ಉಂಟಾ ನೋಡಿ. ಬೆಳಗಿನವರೆಗೆ ಯಕ್ಷಗಾನ ನೋಡಿದವರ ಕೈಗೆ ಪಿಕ್ಕಾಸು ಕೊಡುವುದು ಸರಿಯಲ್ಲ. ಸಾಮಾನ್ಯವಾಗಿ ದೀಪಾವಳಿ ಕಳೆದು, ವೃಶ್ಚಿಕ ತಿಂಗಳ ನಡುವೆ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ ಕಟ್ಟುವುದು ಒಳ್ಳೆಯದು. ಬೇಗ ಕಟ್ಟಿದರೆ ಕೊನೆಯ ಮಳೆ ಒಂದೇ ಸಂಜೆಯಲ್ಲಿ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ.

ಸಾಮಾನು

ಹಾರೆ, ಪಿಕ್ಕಾಸು, ಕತ್ತಿ, ಬುಟ್ಟಿಗಳು, ಹಗ್ಗ. ಇವೆಲ್ಲ ಬೈಲಿನ ಮನೆಗಳಲ್ಲೇ ಸಿಗುತ್ತವೆ. ಯಾರದ್ದು ಯಾವುದು ಅಂತ ಬಣ್ಣದ ಗುರುತು ಹಾಕಿಸಿ. ಕೆಲಸ ಮುಗಿದ ಮೇಲೆ ಹಾರೆ ಕಾಣೆ ಆದರೆ ಮುಂದಿನ ವರ್ಷ ಯಾರೂ ಕೊಡುವುದಿಲ್ಲ.

ಕಟ್ಟಲು ಕಾಡುಕಲ್ಲು ಸಿಕ್ಕಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ವರ್ಷ ವರ್ಷ ಅದನ್ನೇ ಬಳಸಬಹುದು. ಕಲ್ಲು ಸಾಲದಿದ್ದರೆ ಖಾಲಿ ಸಿಮೆಂಟ್ ಚೀಲ. ಚೀಲದ ಒಂದು ತೊಂದರೆ ಹೇಳಲೇ ಬೇಕು. ಬಿಸಿಲಿಗೆ ಅದು ಪುಡಿ ಪುಡಿಯಾಗಿ ತೋಡು ಸೇರುತ್ತದೆ. ಹಾಗಾಗಿ ಬಿಸಿಲು ಬೀಳುವ ಮೇಲಿನ ಸಾಲಿಗೆ ತೆಂಗಿನ ಮಡಲು ಹೊದಿಸಿ, ಮತ್ತು ಬಿಚ್ಚುವ ದಿನ ಒಂದೂ ಬಿಡದೆ ಎತ್ತಿ.

ನೀರು ಸೋರದಿರಲು ದಪ್ಪದ ಪ್ಲಾಸ್ಟಿಕ್ ಶೀಟು ಬೇಕು. ಮೂರಡಿ ಎತ್ತರದ ಕಟ್ಟಕ್ಕೆ ಶೀಟು ಕನಿಷ್ಠ ಎಂಟಡಿ ಅಗಲ ಇರಲಿ, ಉದ್ದ ತೋಡಿನ ಅಗಲಕ್ಕಿಂತ ಎರಡೂ ಬದಿಗೆ ಮೂರು ಮೂರಡಿ ಜಾಸ್ತಿ ಇರಲಿ. ತುಂಡು ತುಂಡು ಶೀಟು ಜೋಡಿಸಿದರೆ ಜೋಡಿಸಿದಲ್ಲೇ ಸೋರುತ್ತದೆ. ಹಿಂದೆ ಶೀಟು ಇರಲಿಲ್ಲ, ಜೇಡಿ ಮಣ್ಣು ಮೆಟ್ಟಿ ಮೆಟ್ಟಿ ಹಾಕುತ್ತಿದ್ದರು. ಮೆಟ್ಟಲು ಜನ ಇದ್ದರೆ ಈಗಲೂ ಅದೇ ಚೆಂದ.

ತಿನ್ನಲು ಅವಲಕ್ಕಿ, ಬಾಳೆಹಣ್ಣು, ಕುಡಿಯಲು ಬೆಲ್ಲ ನೀರು, ಮಜ್ಜಿಗೆ. ಸ್ಟೀಲ್ ಲೋಟ ತನ್ನಿ. ತೋಡಿನ ಕೆಲಸಕ್ಕೆ ಬಂದು ಪೇಪರ್ ಲೋಟ ಬಿಸಾಡಿ ಹೋಗಬಾರದು.

ಕಟ್ಟುವ ದಿನ

ಬೆಳಗ್ಗೆ ಏಳಕ್ಕೆ ಸುರು ಮಾಡಿ. ಮೊದಲ ಕೆಲಸ ನೀರಿನದ್ದಲ್ಲ, ಕರೆಂಟಿನದ್ದು. ತೋಡಿನ ಬದಿಯಲ್ಲಿ ಪಂಪು ಇದ್ದರೆ ಅದರ ಸ್ವಿಚ್ ಆಫ್ ಮಾಡಿಸಿ, ಆ ಮನೆಯವರಿಗೆ ಹೇಳಿ ಇಡಿ. ಒದ್ದೆ ಕಾಲಿನಲ್ಲಿ ಹಳೆ ವಯರು ಮೆಟ್ಟುವುದು ತುಂಬ ಅಪಾಯ.

ಆಮೇಲೆ ಬುಡ ಬಿಡಿಸುವುದು. ಕಟ್ಟ ಬರುವ ಜಾಗದಲ್ಲಿ ಸಡಿಲ ಮರಳು, ಕೊಳೆತ ಎಲೆ, ಬೇರು ಎಲ್ಲ ತೆಗೆದು ಗಟ್ಟಿ ನೆಲ ಕಾಣಿಸಬೇಕು. ಎರಡು ಬದಿಯಲ್ಲೂ ಒಂದೂವರೆ ಅಡಿಯಷ್ಟು ಒಳಕ್ಕೆ ಕೊರೆಯಿರಿ, ಕಟ್ಟದ ತುದಿ ಅದರೊಳಗೆ ಕೂರಬೇಕು. ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. ನಡುವೆ ಎಷ್ಟೇ ಗಟ್ಟಿ ಕಟ್ಟಿದರೂ ಬದಿಯಿಂದ ನೀರು ದಾರಿ ಮಾಡಿಕೊಂಡರೆ ಎರಡು ದಿನದಲ್ಲಿ ತೋಟದ ಬದಿಯೇ ಜರಿಯುತ್ತದೆ.

ಎತ್ತರ ಮೂರಡಿಯಾದರೆ ಬುಡದ ಅಗಲ ಕನಿಷ್ಠ ನಾಲ್ಕಡಿ, ತಲೆಯ ಅಗಲ ಎರಡಡಿ. ದೊಡ್ಡ ಕಲ್ಲು ಅಡಿಗೆ, ಸಣ್ಣದು ಮೇಲೆ. ಚೀಲವಾದರೆ ಮುಕ್ಕಾಲು ಭಾಗ ಮಾತ್ರ ತುಂಬಿ ಬಾಯಿ ಕಟ್ಟಿ. ಪೂರ್ತಿ ತುಂಬಿದ ಚೀಲ ಉರುಟಾಗಿ ನಿಂತು ಸಂದಿ ಬಿಡುತ್ತದೆ, ಮುಕ್ಕಾಲು ತುಂಬಿದ್ದು ಚಪ್ಪಟೆಯಾಗಿ ಕೂರುತ್ತದೆ. ಎರಡು ಚೀಲಗಳ ಸಂದಿಯ ಮೇಲೆ ಇನ್ನೊಂದು ಚೀಲ ಬರಬೇಕು. ಪ್ರತಿ ಸಾಲು ಇಟ್ಟ ಮೇಲೆ ಕಾಲಿನಲ್ಲಿ ಮೆಟ್ಟಿ. ಮಕ್ಕಳಿಗೆ ಈ ಕೆಲಸ ಕೊಡಿ, ಬಹಳ ಖುಷಿಯಿಂದ ಮಾಡುತ್ತಾರೆ.

ತುಂಬಲು ಮರಳು, ಮಣ್ಣು ಬೇಕಲ್ವಾ? ಅದನ್ನು ತೋಡಿನ ಬದಿಯಿಂದ ಕೆರೆಯಬೇಡಿ. ಮೇಲ್ಭಾಗದಲ್ಲಿ ತೋಡಿನ ನಡುವೆ ಕೂತಿರುವ ಹೂಳನ್ನೇ ತೆಗೆಯಿರಿ. ತೋಡೂ ಆಳ ಆಗುತ್ತದೆ.

ಇಷ್ಟು ಹೊತ್ತೂ ನೀರು ಹರಿಯುತ್ತಲೇ ಇರುತ್ತದೆ. ಅದಕ್ಕೆ ಕಟ್ಟದ ನಡುವೆ ಎರಡಡಿ ಬಾಯಿ ಬಿಟ್ಟು ಎರಡು ಬದಿಯಿಂದ ಕಟ್ಟುತ್ತಾ ಬನ್ನಿ. ಕೊನೆಗೆ ಬಾಯಿ ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬೇಕು. ಚೀಲ, ಕಲ್ಲು, ಮಣ್ಣು ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಒಂದೇ ಉಸಿರಿನಲ್ಲಿ ಮುಚ್ಚಬೇಕು. ನಡುವೆ ಚಹಾಕ್ಕೆ ನಿಂತರೆ ನೀರು ಏರಿ ಹಾಕಿದ್ದನ್ನೂ ದೂಡಿಕೊಂಡು ಹೋಗುತ್ತದೆ.

ಶೀಟು ನೀರು ನಿಲ್ಲುವ ಬದಿಗೆ ಬರಬೇಕು. ಕಟ್ಟದ ಬುಡದಿಂದ ಒಂದಡಿ ಮುಂದೆ ಒಂದು ಗೇಣು ಆಳದ ಚರಂಡಿ ತೆಗೆದು ಶೀಟಿನ ಅಂಚನ್ನು ಅದರಲ್ಲಿ ಹೂಳಿ, ಮೇಲೆ ಜೇಡಿ ಮಣ್ಣು ಹಾಕಿ ಮೆಟ್ಟಿ. ಮೇಲಿನ ಅಂಚು ಕಟ್ಟದ ತಲೆ ದಾಟಿ ಆಚೆ ಇಳಿಯಲಿ. ಎಳೆದು ಬಿಗಿ ಮಾಡಬೇಡಿ, ಸ್ವಲ್ಪ ಸಡಿಲ ಬಿಟ್ಟರೆ ನೀರಿನ ಭಾರಕ್ಕೆ ಅದೇ ಹೋಗಿ ಕಲ್ಲಿಗೆ ಅಂಟುತ್ತದೆ. ಬಿಗಿ ಮಾಡಿದರೆ ಶೀಟೇ ಹರಿದು ಹೋಗುತ್ತದೆ.

ಕಟ್ಟದ ತಲೆ ನಡುವಿನಲ್ಲಿ ಬದಿಗಿಂತ ಅರ್ಧ ಅಡಿ ತಗ್ಗಿರಲಿ. ತುಂಬಿದ ನೀರು ನಡುವಿನಿಂದಲೇ ಇಳಿಯಬೇಕು. ಅದು ಬೀಳುವಲ್ಲಿ ಚಪ್ಪಟೆ ಕಲ್ಲು ಹಾಸಿ, ಅದರ ಮೇಲೆ ಮಡಲು. ಇಲ್ಲದಿದ್ದರೆ ಬೀಳುವ ನೀರು ಗುಂಡಿ ತೋಡಿ ಕಟ್ಟದ ಬುಡವನ್ನೇ ಸಡಿಲಿಸುತ್ತದೆ.

ಸೋರಿಕೆ ಹುಡುಕುವುದು

ಮರುದಿನ ಬೆಳಗ್ಗೆ ಇಬ್ಬರಾದರೂ ಬಂದು ನೋಡಬೇಕು. ನೀರು ನಿಂತಿರುತ್ತದೆ, ಆದರೆ ಕೆಳಗೆ ಎಲ್ಲಿಂದಲೋ ಜೋರಾಗಿ ಹರಿಯುತ್ತಿರುತ್ತದೆ. ಎಲ್ಲಿಂದ ಅಂತ ಕಣ್ಣಿಗೆ ಕಾಣುವುದಿಲ್ಲ.

ಒಂದು ಹಿಡಿ ಉಮಿ ಅಥವಾ ಒಲೆಯ ಬೂದಿ ತನ್ನಿ. ಗಾಳಿ ಇಲ್ಲದ ಹೊತ್ತಿನಲ್ಲಿ ಕಟ್ಟದ ಹತ್ತಿರ ನಿಂತ ನೀರಿನ ಮೇಲೆ ಉದುರಿಸಿ. ಐದು ನಿಮಿಷ ಅಲುಗಾಡದೆ ನೋಡಿ. ಉಮಿ ಮೊದಲು ಸುಮ್ನೆ ತೇಲುತ್ತದೆ. ಆಮೇಲೆ ಒಂದು ಕಡೆಗೆ ಮೆಲ್ಲ ಸರಿಯಲು ಸುರು ಮಾಡುತ್ತದೆ, ಒಂದು ಜಾಗದಲ್ಲಿ ಸುತ್ತುತ್ತಾ ಒಟ್ಟಾಗುತ್ತದೆ. ಸೋರುವ ತೂತು ಅದರ ಅಡಿಯಲ್ಲೇ ಇರುತ್ತದೆ. ಬದಿಯ ಏಡಿ ಮಾಟೆಯಾದರೆ ಉಮಿ ದಡಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ಮುಚ್ಚಲು ಬರೀ ಮಣ್ಣು ಹಾಕಿದರೆ ಕರಗಿ ಹೋಗುತ್ತದೆ. ಜೇಡಿ ಮಣ್ಣಿಗೆ ತೆಂಗಿನ ನಾರು, ಒಣ ಹುಲ್ಲು ಸೇರಿಸಿ ಕಲಸಿ ಉಂಡೆ ಮಾಡಿ, ನೀರಿನೊಳಗಿನ ಬಾಯಿಗೆ ಒತ್ತಿ ತುರುಕಿ, ಮೇಲೆ ಒಂದು ಚೀಲ ಇಡಿ. ಕೈ ಹಾಕುವ ಮೊದಲು ಕೋಲು ಹಾಕಿ. ಮಾಟೆಯಲ್ಲಿ ಏಡಿ ಮಾತ್ರ ಇರುತ್ತದೆ ಅಂತ ಹೇಳಲಾಗದು.

ಸ್ವಲ್ಪ ಜಿನುಗಿದರೆ ತಲೆ ಕೆಡಿಸಿಕೊಳ್ಳಬೇಡಿ. ಕೆಳಗಿನ ಮೀನು, ಕಪ್ಪೆ, ಏಡಿಗಳಿಗೆ ಆ ಜಿನುಗು ನೀರು ಬೇಕು.

ಮೈ ಜಾಗ್ರತೆ

ಇದನ್ನು ಓದದೆ ಮುಂದೆ ಹೋಗಬೇಡಿ. ನಿಂತ ನೀರು, ಕೆಸರಿನ ಕೆಲಸದಲ್ಲಿ ದೊಡ್ಡ ಹೆದರಿಕೆ ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರಿನಿಂದ ಸಣ್ಣ ಗಾಯದ ಮೂಲಕವೂ ರೋಗಾಣು ಮೈಗೆ ಸೇರುತ್ತದೆ. ಕಾಲಿನಲ್ಲಿ ಗಾಯ, ಬಿರುಕು ಇರುವವರು ಆ ದಿನ ನೀರಿಗೆ ಇಳಿಯಬಾರದು, ದಡದ ಕೆಲಸ ಮಾಡಲಿ. ಹಿಂದಿನ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಕೆಸರು ನೀರಿನಲ್ಲಿ ಕೆಲಸ ಮಾಡುವವರಿಗೆ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಯಾರಿಗೆ ಬೇಕು, ಎಷ್ಟು ಬೇಕು ಅಂತ ಡಾಕ್ಟರೇ ಹೇಳಬೇಕು. ಕೆಲಸ ಮಾಡಿದ ಮೇಲಿನ ವಾರಗಳಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತೋಡಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಕಲ್ಲಿನ ರಾಶಿಯಲ್ಲಿ, ಒಣ ಮಡಲಿನ ಅಡಿಯಲ್ಲಿ ಹಾವು ಇರಬಹುದು. ಮೊದಲು ಪಿಕ್ಕಾಸಿನಿಂದ ಕಲ್ಲು ಹೊರಳಿಸಿ, ಆಮೇಲೆ ಕೈ ಹಾಕಿ. ಹಾವು ಕಂಡರೆ ಕೊಲ್ಲಬೇಡಿ. ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪಿನಲ್ಲಿ ತರಬೇತಿ ಪಡೆದು ಹಾವು ಹಿಡಿಯುವವರ ನಂಬರ್ ಸಿಗುತ್ತದೆ, ಅದನ್ನು ಮೊದಲೇ ಫೋನಿಗೆ ಹಾಕಿಕೊಳ್ಳಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ವಿಷದ ಮದ್ದು ಇರುವ ಆಸ್ಪತ್ರೆ ಯಾವುದು ಅಂತ ಕೆಲಸಕ್ಕೆ ಮೊದಲೇ ತಿಳಿದಿಟ್ಟುಕೊಂಡು ನೇರ ಅಲ್ಲಿಗೇ ಹೋಗಿ.

ನೀರು ನಿಂತ ಮೇಲೆ ಬರುವ ಹವ್ಯಾಸಗಳು

ನನ್ನ ಮಟ್ಟಿಗೆ ಅತಿ ಒಳ್ಳೆಯ ಭಾಗ ಇದು. ಕಟ್ಟದ ಕೆಲಸ ವರ್ಷಕ್ಕೆ ಕೆಲವೇ ದಿನ. ಆದರೆ ಅದನ್ನು ನೋಡಲು ಹೋಗುವ ನೆಪದಲ್ಲಿ ವರ್ಷವಿಡೀ ಏನೇನೋ ಅಭ್ಯಾಸ ಹತ್ತಿಕೊಳ್ಳುತ್ತದೆ.

ಮೊದಲನೆಯದು ಬಾವಿ ಅಳೆಯುವುದು. ಒಂದು ನೋಟ್‌ಬುಕ್, ಒಂದು ಹಗ್ಗ, ಹಗ್ಗದ ತುದಿಗೆ ಒಂದು ಕಲ್ಲು. ಬಾವಿಕಟ್ಟೆಯ ಮೇಲೆ ಪೈಂಟಿನಲ್ಲಿ ಒಂದು ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಹಗ್ಗ ಇಳಿಸಿ. ವಾರಕ್ಕೊಮ್ಮೆ, ಬೆಳಗ್ಗೆ ಪಂಪು ಹಾಕುವ ಮೊದಲು, ನೀರಿಗೆ ಎಷ್ಟು ಆಳ ಅಂತ ಬರೆಯಿರಿ. ಕಟ್ಟದ ಹತ್ತಿರದ ಒಂದು ಬಾವಿ, ದೂರದ ಒಂದು ಬಾವಿ, ಎರಡನ್ನೂ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಮುಂದಿನ ವರ್ಷ ಜನ ಸೇರಿಸುವಾಗ ಭಾಷಣ ಬೇಡ, ಆ ನೋಟ್‌ಬುಕ್ ತೋರಿಸಿದರೆ ಸಾಕು.

ಎರಡನೆಯದು ಮಳೆ ಲೆಕ್ಕ. ನಮ್ಮ ಕಡೆಯ ಕೃಷಿಕರಲ್ಲಿ ಇದು ಹಳೆಯ ಹವ್ಯಾಸ. ಮಳೆ ಮಾಪಕ ಅಂಗಡಿಯಲ್ಲಿ ಸಿಗುತ್ತದೆ. ಮರ, ಮಾಡು ಹತ್ತಿರ ಇಲ್ಲದ ಬಯಲಲ್ಲಿ ಇಟ್ಟು ದಿನಾ ಬೆಳಗ್ಗೆ 8.30ಕ್ಕೆ ನೋಡಿ. ಹವಾಮಾನ ಇಲಾಖೆಯ ಮಳೆ ದಿನ ಲೆಕ್ಕ ಆಗುವುದೂ 8.30ರಿಂದಲೇ, ಹಾಗಾಗಿ ನಿಮ್ಮ ಅಂಕೆಯನ್ನು ಅವರದ್ದರ ಜೊತೆ ಹೋಲಿಸಬಹುದು. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಮಕ್ಕಳಿಗೆ ಮನೆಯ ಮಾಡಿನ ಲೆಕ್ಕ ಹಾಕಲು ಹೇಳಿ, ಗಣಿತವೂ ಆಯಿತು.

ತೋಡಿನ ಹರಿವನ್ನೂ ಅಳೆಯಬಹುದು. ಕಟ್ಟದ ತಗ್ಗಿನಿಂದ ಇಳಿಯುವ ನೀರನ್ನು ಪೈಪಿನಲ್ಲಿ ತಂದು 20 ಲೀಟರ್ ಬಕೆಟಿಗೆ ಬಿಡಿ. ಐದು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್, ದಿನಕ್ಕೆ 3,45,600 ಲೀಟರ್. ಇಷ್ಟು ನೀರು ಕಡಲಿಗೆ ಹೋಗುತ್ತಿದೆ ಅಂತ ಅಂಕೆಯಲ್ಲಿ ಕಂಡಾಗ ಮೇಲೆ ಇನ್ನೊಂದು ಕಟ್ಟ ಕಟ್ಟಲು ಮನಸ್ಸು ಬರುತ್ತದೆ.

ಇನ್ನು ಹಕ್ಕಿಗಳು. ನೀರು ನಿಂತ ವಾರದೊಳಗೆ ಮಿಂಚುಳ್ಳಿ ಬರುತ್ತದೆ. ಪೊದೆಯೊಳಗೆ ಹುಂಡುಕೋಳಿ ಓಡಾಡುತ್ತದೆ. ಚಳಿಗಾಲಕ್ಕೆ ದೂರದಿಂದ ಬರುವ ಬೂದು ಸಿಪಿಲೆ ಕಟ್ಟದ ಕಲ್ಲಿನ ಮೇಲೆ ಕೂತು ಬಾಲ ಮೇಲೆ ಕೆಳಗೆ ಆಡಿಸುತ್ತಾ ಇರುತ್ತದೆ, ಹೊಟ್ಟೆಯ ಹಳದಿ ನೀರಿನಲ್ಲಿ ಕಾಣುತ್ತದೆ. ಕಂಡದ್ದನ್ನು ಇ-ಬರ್ಡ್ ಆ್ಯಪಿನಲ್ಲಿ ದಾಖಲಿಸಿ. ಹದಿನೈದು ನಿಮಿಷ ನಿಂತು ನೋಡಿದ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ. 2015ರಿಂದ 2020ರವರೆಗೆ ನಡೆದ ಕೇರಳ ಹಕ್ಕಿ ಅಟ್ಲಾಸ್ ಇಂಥ ಸ್ವಯಂಸೇವಕರ ಕೈಯಿಂದಲೇ ಆದದ್ದು, ದೊಡ್ಡ ಕ್ಯಾಮೆರಾ ಇದ್ದವರು ಮಾತ್ರ ಮಾಡಿದ್ದಲ್ಲ.

ಮರ ನೋಡುವ ಹವ್ಯಾಸಕ್ಕೆ ಅಂಗಳ ದಾಟುವುದೂ ಬೇಡ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆಯುವುದು. ಹಲಸು, ಮಾವು, ಕಕ್ಕೆ ಎಲ್ಲ ಅದರಲ್ಲಿವೆ. ನಡೆಯಲು ಕಷ್ಟ ಆಗುವ ಹಿರಿಯರಿಗೆ ಇದು ಬಹಳ ಹೊಂದುತ್ತದೆ. ಅವರ ಹತ್ತಿರ ಹಿಂದೆ ಯಾವ ತಿಂಗಳಲ್ಲಿ ಹಲಸು ಬಿಡುತ್ತಿತ್ತು ಅನ್ನುವ ನೆನಪೂ ಇರುತ್ತದೆ, ಅದನ್ನೂ ಕೇಳಿ ಬರೆದಿಡಿ.

ಕಾಸರಗೋಡಿಗೆ ತನ್ನದೇ ಜಿಲ್ಲಾ ಮರ, ಹೂ, ಹಕ್ಕಿ, ಪ್ರಾಣಿ ಇವೆ ಅಂತ ಎಷ್ಟು ಜನರಿಗೆ ಗೊತ್ತು? ಮರ ಕಾಸರಕ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಹೂ ಪೆರಿಯ ಭಾಗದ ತೋಡುಗಳಲ್ಲಿ ಬೆಳೆಯುವ ಬಿಳಿ ನೀರುಲಿಲ್ಲಿ. ಪ್ರಾಣಿ ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆ. ತೋಡಿನಲ್ಲಿ ಇಂಥ ಹೂ ಕಂಡರೆ ಗಡ್ಡೆ ಕಿತ್ತು ಮನೆಗೆ ತರಬೇಡಿ, ಅಲ್ಲಿ ಕಟ್ಟವನ್ನೂ ಕಟ್ಟಬೇಡಿ. ಹರಿವ ನೀರಿಗೆ ಹೊಂದಿಕೊಂಡ ಗಿಡ ಅದು.

ಒಂದು ಕೋರಿಕೆ. ಹುಲ್ಲಿನ ಮದ್ದು ಬಿಟ್ಟ ಕ್ಯಾನು, ಸ್ಪ್ರೇಯರ್ ಇವನ್ನು ಕಟ್ಟದ ನೀರಿನಲ್ಲಿ ತೊಳೆಯಬೇಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲವನ್ನು ಎಣ್ಮಕಜೆಯೂ ಸೇರಿದಂತೆ ನಮ್ಮ ಹಲವು ಊರುಗಳು ಇವತ್ತಿಗೂ ಅನುಭವಿಸುತ್ತಿವೆ. ತೋಡಿಗೆ ವಿಷ ಸೇರುವುದು ಅಂದರೆ ಏನು ಅಂತ ಬೇರೆಯವರು ನಮಗೆ ಕಲಿಸಬೇಕಾಗಿಲ್ಲ.

ಕಟ್ಟ ಕಟ್ಟಲು ಆಗದವರಿಗೆ

ನಿಮ್ಮ ಹತ್ತಿರ ತೋಡು ಇಲ್ಲದಿದ್ದರೆ ಗುಡ್ಡೆಯಲ್ಲಿ ಮಳೆನೀರು ನಿಲ್ಲುವ ಮದಕ, ಪಳ್ಳಗಳ ಹೂಳು ತೆಗೆಯುವ ಕೆಲಸಕ್ಕೆ ಸೇರಿ. ಅದು ಬೇಸಗೆಯ ಕೊನೆಗೆ, ಒಣಗಿದ ಮೇಲೆ ಆಗುವುದು. ಪೊಸಡಿ ಗುಂಪೆಯಂಥ ಜನ ಹೋಗುವ ಗುಡ್ಡೆಗಳಲ್ಲಿ ಬಾಟಲಿ, ಪ್ಲಾಸ್ಟಿಕ್ ಹೆಕ್ಕುವುದು ಅರ್ಧ ದಿನದ ಕೆಲಸ. ಮಳೆಗಾಲದಲ್ಲಿ ಹೋದರೆ ಮುರಕಲ್ಲಿನ ಪದವಿನಲ್ಲಿ ಕೀಟ ಹಿಡಿಯುವ ಪುಟ್ಟ ಗಿಡಗಳನ್ನು ಬಗ್ಗಿ ನೋಡಬಹುದು, ಮೆಟ್ಟದೆ ನಡೆಯಿರಿ.

ಸುರಂಗಗಳ ಬಗ್ಗೆ ಮಾತ್ರ ಎಚ್ಚರ. ಗುಡ್ಡೆಗೆ ಅಡ್ಡವಾಗಿ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ಊರಿನ ಹೆಮ್ಮೆ. ಆದರೆ ಹಳೆಯ ಸುರಂಗದ ಒಳಗೆ ಸೇಡಿ ಮಣ್ಣು ಕುಸಿಯಬಹುದು, ಉಸಿರಾಡಲು ಗಾಳಿ ಸಾಲದಿರಬಹುದು. ಒಳಗೆ ಹೋಗುವುದು ಸುರಂಗ ಕೊರೆದು ಅನುಭವ ಇರುವವರ ಕೆಲಸ. ನೀವು ಹೊರಗೆ ಬಾಯಿಯ ಪೊದೆ ಬಿಡಿಸಿ, ನೀರು ಬೀಳುವ ತೊಟ್ಟಿ ತೊಳೆಯಿರಿ, ಯಾರು ಯಾವಾಗ ಕೊರೆದದ್ದು ಅಂತ ಮನೆಯವರಿಂದ ಕೇಳಿ ಬರೆದಿಡಿ.

ಪತ್ತನಾಜೆಗೆ ಮೊದಲು ಬಿಚ್ಚಿ

ಕಟ್ಟುವಾಗ ಬಂದ ಜನ ಬಿಚ್ಚುವಾಗ ಬರುವುದಿಲ್ಲ. ಅದಕ್ಕೆ ಕಟ್ಟುವ ದಿನವೇ ಬಿಚ್ಚುವ ದಿನ ಗೊತ್ತು ಮಾಡಿ, ಇಬ್ಬರು ಮೂವರಿಗೆ ಹೊಣೆ ಕೊಡಿ. ಪತ್ತನಾಜೆ ಬರುವುದು ಮೇ 24, 25ರ ಹೊತ್ತಿಗೆ. ಆಟ, ಕೋಲ ಎಲ್ಲ ಅಲ್ಲಿಗೆ ನಿಲ್ಲುತ್ತವೆ, ಕಟ್ಟವೂ ಅಷ್ಟರೊಳಗೆ ಬಿಚ್ಚಿ ಆಗಿರಬೇಕು. ಮೇ ನಡುವಿನಲ್ಲೇ ಜೋರು ಮಳೆ ಸುರು ಆದರೆ ದಿನಕ್ಕೆ ಕಾಯಬೇಡಿ. ಬಿಚ್ಚದೆ ಬಿಟ್ಟ ಕಟ್ಟಕ್ಕೆ ಮೊದಲ ನೆರೆ ಬಂದು ಹೊಡೆದರೆ ನೀರು ಬದಿ ಒಡೆದು ತೋಟದೊಳಗೆ ದಾರಿ ಮಾಡುತ್ತದೆ.

ಬಿಚ್ಚುವುದನ್ನು ನಡುವಿನಿಂದ, ಮೇಲಿನಿಂದ ಕೆಳಕ್ಕೆ, ಒಂದೊಂದೇ ಸಾಲು ಮಾಡಿ. ನೀರು ಇದ್ದರೆ ಮೆಲ್ಲ ಇಳಿಯಲು ಬಿಡಿ, ಕೆಳಗಿನ ಮನೆಗಳಿಗೆ ಮೊದಲೇ ಫೋನ್ ಮಾಡಿ. ಕಲ್ಲುಗಳನ್ನು ನೆರೆ ಮುಟ್ಟದಷ್ಟು ಎತ್ತರದಲ್ಲಿ ಬದಿಗೆ ಪೇರಿಸಿ. ಚೀಲದ ಮರಳನ್ನು ಬದಿ ಜರಿದಲ್ಲಿಗೆ ಹಾಕಿ. ಶೀಟು ತೊಳೆದು ನೆರಳಿನಲ್ಲಿ ಒಣಗಿಸಿ, ಮಡಚದೆ ಅಡಿಕೆ ಸಲಾಕೆಗೆ ಸುತ್ತಿ ಯಾರದಾದರೂ ಅಟ್ಟದಲ್ಲಿ ಇಡಿ. ಮಡಚಿದರೆ ಮಡಿಕೆಯಲ್ಲೇ ತೂತು ಬೀಳುತ್ತದೆ, ಇಲಿ ಕಡಿಯದ ಹಾಗೆಯೂ ನೋಡಿಕೊಳ್ಳಿ. ಹರಿದ ಚೀಲ, ಶೀಟಿನ ಚೂರು ಎಲ್ಲ ಹೆಕ್ಕಿ, ಮನೆ ಮನೆಯಿಂದ ಪ್ಲಾಸ್ಟಿಕ್ ಒಟ್ಟು ಮಾಡುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ತೋಡಿನಲ್ಲಿ ಸುಡಬೇಡಿ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ ಕಟ್ಟಿದ್ದು, ಯಾವ ದಿನ ತುಂಬಿ ಹರಿದದ್ದು, ತೋಡು ಬತ್ತಿದ ದಿನ, ಎಲ್ಲೆಲ್ಲಿ ಸೋರಿತ್ತು, ಎಷ್ಟು ಚೀಲ ಸಾಲದೆ ಹೋಯಿತು, ಶೀಟು ಯಾರ ಮನೆಯಲ್ಲಿದೆ, ಯಾರ ಹಾರೆ ಯಾರ ಹತ್ತಿರ ಉಳಿದಿದೆ.